ಅಕ್ಕನ ಕೆನ್ನೆ

ಎಡಗೆನ್ನೆಯ ಮೇಲೆ ಪೌಡರ್ ನಿಲ್ಲುತ್ತಲೇ ಇರಲಿಲ್ಲ. ಗುಬ್ಬಿ ಮೂರನೆಯ ಸಲ ಸ್ಪಂಜು ಒದ್ದೆ ಮಾಡಿ, ಹಿಂಡಿ, ಅಕ್ಕನ ಕಣ್ಣ ಕೆಳಗಿನಿಂದ ಕಿವಿಯ ಕಡೆಗೆ ಮೆಲ್ಲಗೆ ಒತ್ತುತ್ತ ಹೋದಳು. ಬಲಗಡೆ ಹೇಗೋ ಹಿಡಿದಿತ್ತು. ಎಡಗಡೆಯ ಗಂಟುಗಳ ಮೇಲೆ ಮಾತ್ರ ಚರ್ಮ ಬಿಗಿದುಕೊಂಡು ಮಿರಿಮಿರಿ ಮಿಂಚುತ್ತ, ಹಚ್ಚಿದ್ದನ್ನೆಲ್ಲ ಅಂಚಿಗೆ ತಳ್ಳುತ್ತಿತ್ತು. ಬದುಕಿದ್ದಾಗಲೂ ಹಾಗೇ. "ನನ್ನ ಕೆನ್ನೆಗೂ ನಿನ್ನ ಪೌಡರಿಗೂ ಆಗಿಬರಲ್ಲ ಕಣೇ, ಬಿಟ್ಟುಬಿಡು" ಎಂದು ಅಕ್ಕ ನಗುತ್ತಿದ್ದಳು. ನಕ್ಕಾಗ ಗಂಟು ಮೇಲೇರಿ ಎಡಗಣ್ಣು ಅರ್ಧ ಮುಚ್ಚಿಹೋಗುತ್ತಿತ್ತು.

ಗುಬ್ಬಿ ಎನ್ನುವುದು ಅಕ್ಕ ಇಟ್ಟ ಹೆಸರು. ವಯಸ್ಸು ಐವತ್ತೇಳಾಗಿ, ಎರಡೂ ಮೊಣಕಾಲು ಹಿಡಿದುಕೊಂಡು, ಮೆಟ್ಟಿಲು ಹತ್ತುವಾಗ ಗೋಡೆಯ ಆಸರೆ ಬೇಕಾಗುತ್ತಿದ್ದರೂ ಆ ಮನೆಯಲ್ಲಿ ಅವಳು ಗುಬ್ಬಿಯೇ. ಮೂವತ್ತು ವರ್ಷದ ಹತ್ತಿರ ಬ್ಯೂಟಿ ಪಾರ್ಲರ್ ನಡೆಸಿದವಳು. ಎಷ್ಟೋ ಮದುಮಕ್ಕಳಿಗೆ ಮುಖ ತಿದ್ದಿದ ಕೈ ಈವತ್ತು ಒಂದು ಕೆನ್ನೆಯ ಮುಂದೆ ಸೋತು ಕೂತಿತ್ತು.

ಪಕ್ಕದಲ್ಲಿ ಅಕ್ಕನ ಮಗಳು ಬಾಚಣಿಗೆ ಹಿಡಿದು ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಈಗ ಅಳುತ್ತಿರಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಚಿಕ್ಕಮ್ಮ, ಅಮ್ಮನಿಗೆ ಇದು ಶುರುವಾದಾಗ ಎಷ್ಟು ವಯಸ್ಸು?"

"ನಲವತ್ತೊಂದು. ಯಾಕೆ ಮರಿ?"

"ಹಾಗಾದ್ರೆ ನಂಗಿನ್ನೂ ಹತ್ತು ವರ್ಷ ಇದೆ."

ಗುಬ್ಬಿಯ ಕೈ ಅಲ್ಲೇ ನಿಂತಿತು. "ಏನು ಹತ್ತು ವರ್ಷ?"

"ಇದು ಬರೋಕೆ." ಮಗಳು ತನ್ನ ಎಡಗೆನ್ನೆಯ ಮೇಲೆ ಎರಡು ಬೆರಳಿಟ್ಟು, ಹಣ್ಣು ಒತ್ತಿ ನೋಡುವವರ ಹಾಗೆ ಒತ್ತಿಕೊಂಡಳು. "ದಿನಾ ಬೆಳಿಗ್ಗೆ ನೋಡ್ಕೋತೀನಿ. ಎರಡೂ ಕಡೆ. ಹೈಸ್ಕೂಲಲ್ಲಿದ್ದಾಗಿಂದ ಅಭ್ಯಾಸ. ಅಜ್ಜಿಗೆ ಬಂತು, ಅಮ್ಮನಿಗೆ ಬಂತು, ನನ್ನನ್ನೇನು ಬಿಡುತ್ತಾ?"

"ಡಾಕ್ಟರಿಗೆ ತೋರಿಸಬಾರದಾ?" ಎಂದಳು ಗುಬ್ಬಿ. ತನ್ನ ಬಾಯಿಂದಲೇ ಈ ಮಾತು ಬಂದದ್ದು ಅವಳಿಗೇ ಅಸಹ್ಯವಾಯಿತು.

"ತೋರಿಸಿ, ಹೌದು ಅಂದ್ಬಿಟ್ರೆ? ಈಗ ಗೊತ್ತಿಲ್ಲ, ಅಷ್ಟಾದ್ರೂ ನೆಮ್ಮದಿ." ಮಗಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮಗು ಬೇಡ ಅಂದಿದ್ದೂ ಇದಕ್ಕೇ. ನನ್ನ ಗಂಡನಿಗೆ ಕೆಲಸ, ಕೆಲಸ ಅಂತ ಹೇಳ್ಕೊಂಡು ಬಂದಿದೀನಿ. ನಾಲ್ಕು ವರ್ಷ ಆಯ್ತು, ಪಾಪ, ಒಂದ್ಸಲಾನೂ ಒತ್ತಾಯ ಮಾಡಿಲ್ಲ. ನಂಗೆ ಬಂದ್ರೆ ಬರ್ಲಿ ಚಿಕ್ಕಮ್ಮ, ಅಮ್ಮ ಬಾಳಲಿಲ್ವಾ? ಇನ್ನೊಂದು ಜೀವಕ್ಕೆ ಇದನ್ನ ಯಾಕೆ ಕಟ್ಟಲಿ?"

ಗುಬ್ಬಿ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಾವ ಬಂದರು. ಬಸ್ಸು ಓಡಿಸಿ ನಿವೃತ್ತರಾದವರು. ಇಡೀ ಜೀವಮಾನ ಹೊತ್ತು ನೋಡಿಯೇ ಬದುಕಿದ ಮನುಷ್ಯ. ಈವತ್ತೂ ಕೈಗಡಿಯಾರ ನೋಡಿಕೊಂಡರು.

"ಆಯ್ತಾ ಗುಬ್ಬಿ? ಹೊರಗೆ ಜನ ಸೇರ್ತಿದಾರೆ. ಹನ್ನೆರಡಕ್ಕೆ ಹೊರಡಬೇಕು."

"ಆಯ್ತು ಬಾವ."

ಬಾವ ಹೆಂಡತಿಯ ಮುಖವನ್ನು ನೋಡಿದರು. "ಸಾಕು ಬಿಡು. ಅವಳು ಅವಳ ಹಾಗೇ ಕಾಣಲಿ" ಎಂದು, ಅಳಿಯನನ್ನು ಕೂಗಿ ಕುರ್ಚಿ ಸರಿಸಲು ಹೇಳಿದರು.

ಹೇಳಬೇಕಾದದ್ದು ಬಹಳ ಇರಲಿಲ್ಲ. 'ಇದು ರಕ್ತದಲ್ಲಿ ಬಂದದ್ದಲ್ಲ, ನಾನು ಹಾಕಿಸಿದ್ದು'. ಇಷ್ಟೇ. ಆದರೆ ಗುಬ್ಬಿಗೆ ಗಂಡನಿಲ್ಲ, ಮಕ್ಕಳಿಲ್ಲ, ಇದ್ದ ಒಬ್ಬಳೇ ಅಕ್ಕ ಶವದ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ. ಇನ್ನು ಉಳಿದವಳೆಂದರೆ ಈ ಹುಡುಗಿಯೇ. ಭಾನುವಾರ ಬಂತೆಂದರೆ ಪಾರ್ಲರಿನ ಗಾಜಿನ ಬಾಗಿಲು ತಳ್ಳಿ, ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು, "ಚಿಕ್ಕಮ್ಮ, ಸುಸ್ತು" ಎಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಬಿದ್ದುಕೊಳ್ಳುವವಳು. ಆ ಒಂದು ಮಾತು ಆಡಿದ ಮೇಲೆ ಆ ಬಾಗಿಲು ಮತ್ತೆ ತೆರೆದೀತೇ? ಆಡದಿದ್ದರೆ ಹುಟ್ಟಬೇಕಾದ ಮಗು ಹುಟ್ಟುವುದಿಲ್ಲ. ಗುಬ್ಬಿ ಡಬ್ಬಿಗಳ ಮುಚ್ಚಳ ಹಾಕತೊಡಗಿದಳು.

*

ಅದು ಇಪ್ಪತ್ತೇಳು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಪಾರ್ಲರ್ ಆಗಷ್ಟೇ ಎರಡು ವರ್ಷದ ಕೂಸು. ಮೂರು ಕುರ್ಚಿಗಳಲ್ಲಿ ಎರಡು ಯಾವಾಗಲೂ ಖಾಲಿ. ಎದುರಿನ ಕಟ್ಟಡದಲ್ಲಿ ಬಣ್ಣದ ದೀಪ ಹಾಕಿ ದೊಡ್ಡ ಪಾರ್ಲರ್ ತೆರೆದಿದ್ದರು. ಗುಬ್ಬಿಗೆ ಕಣ್ಣಿಗೆ ನಿದ್ದೆಯಿಲ್ಲ. ಅಂಥ ಹೊತ್ತಿಗೆ ಕೆನ್ನೆ ತುಂಬಿಸುವ ಸೂಜಿಯವಳು ಬಂದಳು. ಬಿಳಿ ಕೋಟು, ಮೆತ್ತನೆಯ ಮಾತು, ಹೆಗಲಲ್ಲಿ ಒಂದು ಚೀಲ. ಊರೂರು ತಿರುಗಿ, ತಿಂಗಳಿಗೊಂದು ಸಲ ಒಂದೊಂದು ಪಾರ್ಲರಿನಲ್ಲಿ ಕೂರುತ್ತಾಳಂತೆ. ಗುಳಿಬಿದ್ದ ಕೆನ್ನೆ, ಮೂಗಿನ ಪಕ್ಕದ ಗೆರೆ, ತೆಳ್ಳನೆ ತುಟಿ, ಎಲ್ಲಕ್ಕೂ ಅವಳ ಹತ್ತಿರ ಮದ್ದಿತ್ತು. ಫಿಲ್ಲರ್ ಎನ್ನುವ ಮಾತನ್ನು ಗುಬ್ಬಿ ಮೊದಲು ಕೇಳಿದ್ದು ಅವಳ ಬಾಯಲ್ಲೇ.

"ಆದ್ರೆ ಮೊದಲು ಒಂದು ಮುಖ ತೋರಿಸಬೇಕು" ಎಂದಿದ್ದಳು ಅವಳು. "ಬರೀ ಬಾಯಲ್ಲಿ ಹೇಳಿದ್ರೆ ಯಾರೂ ಕೂರಲ್ಲ."

ಗುಬ್ಬಿಗೆ ಅಕ್ಕನಿಗಿಂತ ಒಳ್ಳೆಯ ಮುಖ ಹೊಳೆಯಲಿಲ್ಲ. ಅಕ್ಕ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವ ಕೆಲಸದವಳು. ಬಂದ ಗಿರಾಕಿಯ ಎದುರು ಒಂದೇ ಗೇಣು ದೂರದಲ್ಲಿ ನಿಂತು, ಮೂಗಿನ ಮೇಲೆ ಕನ್ನಡಕ ಇಟ್ಟು, ಓರೆ ನೋಡಿ, ತೆಗೆದು, ಬಿಸಿ ಮರಳಿನ ಡಬ್ಬಿಯಲ್ಲಿ ಕಡ್ಡಿ ಮೆತ್ತಗೆ ಮಾಡಿ, ಬಗ್ಗಿಸಿ, ಮತ್ತೆ ಇಡುವವಳು. ದಿನಕ್ಕೆ ನಲವತ್ತು ಜನ ಬೇರೇನೂ ನೋಡಲು ಇಲ್ಲದೆ ಅವಳ ಮುಖವನ್ನೇ ನೋಡುತ್ತಿದ್ದರು. ಇದಕ್ಕಿಂತ ಒಳ್ಳೆಯ ಬೋರ್ಡು ಗುಬ್ಬಿಗೆ ಯಾರು ಬರೆದುಕೊಡಬೇಕು? ಜೊತೆಗೆ, ಹೆರಿಗೆಯಾದ ಮೇಲೆ ಟೈಫಾಯ್ಡ್ ಬಂದು ಅಕ್ಕನ ಕೆನ್ನೆ ಒಳಕ್ಕೆ ಹೋಗಿತ್ತು.

ಅಕ್ಕ ಊಟದ ಬಿಡುವಿನಲ್ಲಿ ಬಂದು ಕುರ್ಚಿಯಲ್ಲಿ ಕೂತು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ದಿನ ಬರುತ್ತೆ ಇದು?"

"ದಿನದ ಮಾತೇ ಇಲ್ಲ ಅಕ್ಕಾವ್ರೇ. ಬೇರೆಯವರು ಹಾಕೋದು ಆರು ತಿಂಗಳಿಗೆ ಕರಗಿ ಹೋಗುತ್ತೆ. ಇದು ಕರಗೋದೇ ಇಲ್ಲ. ಒಂದ್ಸಲ ಹಾಕಿದ್ರೆ ಜೀವನಪೂರ್ತಿ."

"ಕೇಳಿದ್ಯೇನೇ ಗುಬ್ಬಿ! ನಾವು ಒಂದು ಫ್ರೇಮಿಗೆ ಒಂದು ವರ್ಷ ಗ್ಯಾರಂಟಿ ಕೊಡೋಕೆ ಒದ್ದಾಡ್ತೀವಿ."

ಕರಗುವುದಿಲ್ಲ ಎಂಬ ಮಾತು ಆ ಇಬ್ಬರಿಗೂ ಒಳ್ಳೆಯ ಪಾತ್ರೆ ಸವೆಯುವುದಿಲ್ಲ ಎಂದ ಹಾಗೆ ಕೇಳಿಸಿತ್ತು. ಬೇಡವಾದಾಗ ತೆಗೆಯುವುದು ಹೇಗೆ ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

"ನೀನೂ ಸ್ವಲ್ಪ ಹಾಕಿಸ್ಕೋ" ಎಂದಳು ಅಕ್ಕ. "ನನ್ನೊಬ್ಬಳನ್ನೇ ಚುಚ್ಚಿಸಿ ನೀನು ನಿಂತು ನೋಡೋದಾ? ಬಾ ಕೂತ್ಕೋ."

ಗುಬ್ಬಿ ಮೂಗಿನ ಎರಡೂ ಪಕ್ಕದ ಗೆರೆಗಳಿಗೆ ಚೂರು ಹಾಕಿಸಿಕೊಂಡಳು. ವಾರ ಕಳೆದು ಊತ ಇಳಿದ ಮೇಲೆ ಅಕ್ಕನ ಮುಖ ಅರಳಿದ ಹಾಗಾಗಿತ್ತು. ಬಾವ ಊಟಕ್ಕೆ ಕೂತಾಗ, "ಅಂಗಡಿಯಲ್ಲಿ ನಿನಗೆ ಏನು ತಿನ್ನಿಸ್ತಿದಾರೆ? ಕೆನ್ನೆ ಬಂದುಬಿಟ್ಟಿದೆ" ಎಂದರಂತೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳಂತೆ, ಹೇಳಲಿಲ್ಲ. ಆ ಕೆನ್ನೆ ನೋಡಿ ಇನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂತರು. ಸೂಜಿಯವಳು ಐದು ತಿಂಗಳು ಬಂದಳು. ಆರನೆಯ ತಿಂಗಳು ಬರಲಿಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೋ ಮೋಟಾರು ರಿಪೇರಿಯವನು ಎತ್ತುತ್ತಿದ್ದ.

*

ನಡುಮನೆಯಲ್ಲಿ ಪೆಟ್ಟಿಗೆಯ ಸುತ್ತ ಜನ ಸೇರಿದ್ದರು. ಗುಬ್ಬಿ ತಲೆಯ ಕಡೆ ಒಂದು ಸ್ಟೂಲು ಹಾಕಿಕೊಂಡು ಕೂತಳು. ಬಂದವರು ಪಾದದ ಹತ್ತಿರ ಹೂವಿಟ್ಟು, ಒಂದು ಗಳಿಗೆ ನಿಂತು, ಗೋಡೆಯ ಕಡೆ ಸರಿಯುತ್ತಿದ್ದರು. ಬಂದವರಲ್ಲಿ ಅರ್ಧಕ್ಕರ್ಧ ಜನ ಕನ್ನಡಕದವರು. ಅಳು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಳ್ಳುವರು. ಅದು ಮೂಗಿನ ಮೇಲೆ ಸರಿಯಾಗಿ ಕೂರುವುದು. ಕೂರಿಸಿದವಳು ಮಲಗಿದ್ದಳು.

ಮೇಲಿನ ಮನೆಯಾಕೆಗೆ ಮೆಲ್ಲಗೆ ಮಾತಾಡುವ ಅಭ್ಯಾಸವಿಲ್ಲ. ಪಿಸುಗುಟ್ಟಿದರೂ ಬೀದಿಗೆ ಕೇಳಿಸುತ್ತದೆ.

"ಏನೋ, ನಿದ್ದೆಯಲ್ಲೇ ಹೃದಯ ನಿಂತ್ಹೋಯ್ತಂತೆ. ಪುಣ್ಯವಂತೆ. ಮುಖದ್ದೊಂದು ಕೊರಗು ಬಿಟ್ರೆ..."

"ಅದೇನು ಕಾಯಿಲೆ?" ಎಂದರು ಪಕ್ಕದವರು.

"ವಂಶದ್ದಂತೆ ಕಣ್ರೀ. ಅವರಮ್ಮನಿಗೂ ಇತ್ತಂತೆ. ಹೆಣ್ಣುಮಕ್ಕಳಿಗೇ ಬರೋದಂತೆ." ಹೇಳುತ್ತ ಹೇಳುತ್ತ ಆಕೆಯ ಕಣ್ಣು ಮಗಳ ಮುಖದ ಮೇಲೆ ಹೋಗಿ, ಕೆನ್ನೆಯ ಎರಡೂ ಕಡೆ ಒಂದು ಸುತ್ತು ಹಾಕಿ ಬಂತು.

ಮಗಳು ತಲೆ ತಗ್ಗಿಸಲಿಲ್ಲ. ಆ ನೋಟ ಅವಳಿಗೆ ಹೊಸದಲ್ಲ ಎಂಬುದು ಗುಬ್ಬಿಗೆ ಆಗ ಗೊತ್ತಾಯಿತು.

ಬಾವ ಯಾರೋ ಬಂಧುಗಳಿಗೆ ಹೇಳುತ್ತಿದ್ದರು: "ನಂದು ಹೊರಗಿನ ಕೆಲಸ, ಮೂರು ದಿನ ಮನೆ, ನಾಲ್ಕು ದಿನ ರಸ್ತೆ. ಆಸ್ಪತ್ರೆ ಅಂತ ಓಡಾಡಿದ್ದೆಲ್ಲ ನಮ್ಮ ನಾದಿನಿಯೇ. ಇವಳಿಲ್ಲದಿದ್ರೆ ನನ್ನ ಹೆಂಡ್ತಿ ಆವಾಗಲೇ ಮೂಲೆ ಹಿಡೀತಿದ್ಲು." ಬಂಧುಗಳು ಗುಬ್ಬಿಯ ಕಡೆ ತಿರುಗಿ ಕೈ ಮುಗಿದರು. ಗುಬ್ಬಿಗೆ ಸ್ಟೂಲಿನಿಂದ ಎದ್ದು ಎಲ್ಲಿಗಾದರೂ ಹೋಗಿಬಿಡೋಣ ಎನ್ನಿಸಿತು.

ಹತ್ತೂವರೆಗೆ ಕನ್ನಡಕದ ಅಂಗಡಿಯ ಯಜಮಾನರು ಬಂದರು. ಎಂಬತ್ತು ದಾಟಿದ ಮುದುಕರು. ಊರುಗೋಲು, ದಪ್ಪ ಗಾಜು. ನೇರವಾಗಿ ಪೆಟ್ಟಿಗೆಯ ತಲೆಯ ಕಡೆ ಬಂದು ನಿಂತು, ಹೂವಿಡುವುದನ್ನು ಮರೆತು, ಮಗಳ ಕಡೆ ತಿರುಗಿದರು.

"ನಿಮ್ಮಮ್ಮ ನನ್ನ ಅಂಗಡೀಲಿ ಮೂವತ್ತನಾಲ್ಕು ವರ್ಷ ಇದ್ಲು. ನಿಂಗೊಂದು ವಿಷಯ ಗೊತ್ತಿಲ್ಲ. ಮುಖ ಹೀಗಾದಾಗ ನಾನು ಅವಳನ್ನ ಒಳಕೋಣೆಗೆ ಹಾಕಿದ್ದೆ."

"ಬಿಡಿ ಸಾರ್, ಈಗ್ಯಾಕೆ" ಎಂದಳು ಮಗಳು.

"ಹೇಳ್ತೀನಿ, ಕೇಳು. ಗಿರಾಕಿಗಳು ಏನಂದ್ಕೋತಾರೋ ಅಂತ ಹೆದರಿದೆ. 'ನೀನು ಒಳಗೆ ಕೂತು ಗಾಜು ಉಜ್ಜು' ಅಂದೆ. ಎದುರು ಮಾತಾಡ್ಲಿಲ್ಲ, ಹೋಗಿ ಕೂತ್ಲು. ಒಂದು ತಿಂಗಳು. ಆ ತಿಂಗಳು ಕೊಟ್ಟ ಕನ್ನಡಕ ಎಲ್ಲಾ ವಾಪಸು ಬಂತು. ಒಬ್ಬರಿಗೆ ಕಿವಿ ಕೊರೆಯುತ್ತೆ, ಒಬ್ಬರಿಗೆ ಮೂಗು ಜಾರುತ್ತೆ. 'ಆ ಅಮ್ಮನೇ ಕೂರಿಸಿಕೊಡಬೇಕು' ಅಂತ ಜನ ಗಲಾಟೆ. ಕರೆಯೋಕೆ ನಂಗೆ ನಾಚಿಕೆ. ಬಾಗಿಲಲ್ಲಿ ನಿಂತು ಕೆಮ್ಮಿದೆ. ಅವಳೇ ಎದ್ದು ಬಂದು, ಒಬ್ಬ ಗಿರಾಕಿಗೆ, 'ನಿಮ್ಮ ಎಡಗಿವಿ ಚೂರು ಮೇಲಿದೆ, ಯಾರ ಮುಖಾನೂ ಸ್ಕೇಲಿಟ್ಟು ಮಾಡಿರಲ್ಲ' ಅಂದ್ಲು. ನನ್ನ ಮುಖ ನೋಡ್ಲಿಲ್ಲ." ಮುದುಕರು ಕನ್ನಡಕ ತೆಗೆದರು. "ತಪ್ಪಾಯ್ತು ಅಂತ ಇಪ್ಪತ್ತು ವರ್ಷ ಹೇಳ್ಲಿಲ್ಲಮ್ಮ. ದಿನಾ ಎದುರಿಗೇ ಇದ್ಲು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ."

ಮಗಳು ಅವರ ಕೈ ಹಿಡಿದು ಕುರ್ಚಿಗೆ ಕರೆದುಕೊಂಡು ಹೋದಳು. ಗುಬ್ಬಿ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಇನ್ನು ಒಂದು ಗಂಟೆ ಹತ್ತು ನಿಮಿಷ.

*

ಆರು ವರ್ಷ ಏನೂ ಆಗಿರಲಿಲ್ಲ. ಏಳನೆಯ ವರ್ಷ ಅಕ್ಕ ಒಂದು ದವಡೆ ಹಲ್ಲು ಕೀಳಿಸಿದಳು. ಎರಡು ವಾರಕ್ಕೆ ಎಡಗೆನ್ನೆ ಕೆಂಪಗೆ ಊದಿತು. ಹಲ್ಲಿನದೇ ಇರಬೇಕೆಂದು ಮಾತ್ರೆ ನುಂಗಿದಳು. ಊತ ಇಳಿದರೂ ಗಂಟು ಉಳಿಯಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಆಮೇಲೆ ಬಲಗೆನ್ನೆಯಲ್ಲೂ ಎದ್ದಿತು. ಹಾಕಿದ್ದು ಕಣ್ಣ ಕೆಳಗೆ. ಗಂಟು ಬಂದದ್ದು ದವಡೆಯವರೆಗೆ. ಚರ್ಮದ ಕೆಳಗೆ ಅದು ಜಾರಿಕೊಂಡು ಬಂದಿತ್ತು.

ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರು ಬಹಳ ಹೊತ್ತು ಮುಟ್ಟಿ ನೋಡಿದರು. ಕರಗುವ ಜಾತಿಯದಾಗಿದ್ದರೆ ಕರಗಿಸುವ ಔಷಧಿ ಕೊಡಬಹುದಿತ್ತು ಎಂದರು. ಇದು ಉಳಿಯುವ ಜಾತಿಯದು. ಮೈ ಇದನ್ನು ಪರರದೆಂದು ಗುರುತು ಹಿಡಿದು ಸುತ್ತ ಗೋಡೆ ಕಟ್ಟಿಕೊಂಡಿದೆ. ಕೆಲವರಲ್ಲಿ ಎಂದೂ ಕಟ್ಟುವುದಿಲ್ಲ. ಕೆಲವರಲ್ಲಿ ಐದು ವರ್ಷಕ್ಕೆ, ಹದಿನೈದು ವರ್ಷಕ್ಕೆ, ಒಂದು ಸೋಂಕು ನೆಪವಾಗಿ ಶುರುವಾಗುತ್ತದೆ. ಪೂರ್ತಿ ಕತ್ತರಿಸಿ ತೆಗೆಯಲು ಹೋದರೆ ಮುಖದ ನರಕ್ಕೆ ಪೆಟ್ಟು ಬೀಳಬಹುದು, ಕಲೆ ಉಳಿಯುವುದಂತೂ ಖಂಡಿತ. ಗಂಟಿಗೇ ಇಂಜೆಕ್ಷನ್ ಕೊಟ್ಟು ಕುಗ್ಗಿಸಲು ನೋಡೋಣ.

ನೋಡಿದರು. ಬಲಗಡೆ ಸುಮಾರು ಕುಗ್ಗಿತು. ಎಡಗಡೆ ಒಪ್ಪಲಿಲ್ಲ.

ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಗುಬ್ಬಿ ಬಿಕ್ಕಿ ಬಿಕ್ಕಿ ಅತ್ತಳು. "ಪಾರ್ಲರ್ ಮುಚ್ಚಿಬಿಡ್ತೀನಿ ಅಕ್ಕ. ಬಾವನಿಗೆ ನಾನೇ ಹೇಳ್ತೀನಿ."

"ನೀನು ಅಂಗಡಿ ಮುಚ್ಚಿದ್ರೆ ನನ್ನ ಕೆನ್ನೆ ಇಳಿಯುತ್ತಾ?" ಎಂದಳು ಅಕ್ಕ. "ಬಾವನಿಗೆ ಹೇಳಿದ್ರೆ ನಿನ್ನನ್ನ ಮೆಟ್ಟಿಲು ಹತ್ತಿಸಲ್ಲ. ಆಮೇಲೆ ಆಸ್ಪತ್ರೆಗೆ ನನ್ನ ಜೊತೆ ಯಾರು ಬರ್ತಾರೆ? ಆ ನಾಲ್ಕು ಜನಕ್ಕೆ ಮಾತ್ರ ಹೋಗಿ ಹೇಳು. ಹಲ್ಲು ಕೀಳಿಸೋಕೆ ಮುಂಚೆ, ಮುಖ ಊದಿಕೊಂಡಾಗ, ಡಾಕ್ಟರಿಗೆ ಇದನ್ನ ಹೇಳ್ಬೇಕು ಅಂತ ಹೇಳು. ಮಿಕ್ಕವರಿಗೆ ನಾನು ಬಾಯಿಗೆ ಬಂದಿದ್ದು ಹೇಳ್ಕೋತೀನಿ."

ಗುಬ್ಬಿ ನಾಲ್ಕು ಮನೆಗೂ ಹೋದಳು. ಇಬ್ಬರು ಹೆದರಿದರು, ಒಬ್ಬಳು ಬಾಗಿಲು ಹಾಕಿಕೊಂಡಳು, ಇನ್ನೊಬ್ಬಳ ಮನೆಯಲ್ಲಿ ಬೇರೆಯವರಿದ್ದರು; ಹೊಸ ವಿಳಾಸ ಹುಡುಕಿ ಕಾಗದ ಬರೆದಳು. ಯಾರೂ ಹೊರಗೆ ಬಾಯಿ ಬಿಡಲಿಲ್ಲ. ಹಾಕಿಸಿಕೊಂಡೆವು ಎಂದು ಹೇಳಿಕೊಳ್ಳುವ ಹೆಂಗಸು ಯಾರಿದ್ದಾರೆ?

ಬಾಯಿಗೆ ಬಂದದ್ದು ಹುಟ್ಟಿದ್ದು ಕನ್ನಡಕದ ಅಂಗಡಿಯಲ್ಲಿ. ಒಬ್ಬ ಗಿರಾಕಿ ಫ್ರೇಮು ನೋಡುವುದು ಬಿಟ್ಟು, "ಏನಮ್ಮಾ ಇದು, ಅಂಟುರೋಗ ಅಲ್ಲ ತಾನೆ?" ಎಂದು ಹಿಂದೆ ಸರಿದಳಂತೆ. "ಅಲ್ಲ ತಾಯಿ, ವಂಶದ್ದು. ನಮ್ಮಮ್ಮನಿಗೂ ಇತ್ತು" ಎಂದುಬಿಟ್ಟಳಂತೆ ಅಕ್ಕ. ಅಂದು ಸಂಜೆ ಅದನ್ನು ಗುಬ್ಬಿಗೆ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮನ ತಲೆಗೆ ಕಟ್ಟಿದೆ ಕಣೇ. ನನ್ನ ಮದುವೆಗೆ ಮುಂಚೆ ಸತ್ತವಳು, ನಿನ್ನ ಬಾವ ಕೂಡ ನೋಡಿಲ್ಲ. ಎದ್ದು ಬಂದು ಜಗಳ ಆಡ್ತಾಳಾ?" ಗುಬ್ಬಿಯೂ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು.

ಶಾಲೆ ಬಿಟ್ಟು ಬಂದು, ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರದ ಪಟದ ಕೆಳಗೆ ಚಾಪೆ ಹಾಕಿಕೊಂಡು ಹೋಂವರ್ಕ್ ಬರೆಯುತ್ತಿದ್ದ ಹತ್ತು ವರ್ಷದ ಹುಡುಗಿ ಗಿರಾಕಿಗೆ ಕೊಟ್ಟ ಆ ಉತ್ತರ ಕೇಳಿಸಿಕೊಂಡಳೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮುಂದೆ ಒಂದೆರಡು ಸಲ ಅವಳ ಬಾಯಲ್ಲೇ 'ವಂಶದ್ದು' ಎಂಬುದು ಬಂದಾಗಲೂ ಗುಬ್ಬಿ ಸುಮ್ಮನಿದ್ದಳು. ಮಕ್ಕಳ ಮಾತು, ಮರೆತುಹೋಗುತ್ತದೆ ಎಂದುಕೊಂಡಳು.

*

"ಮರಿ, ಸ್ವಲ್ಪ ಹಿಂದೆ ಬಾ."

ಅಡುಗೆಮನೆಯ ಹಿಂದಿನ ಸಣ್ಣ ಜಾಗದಲ್ಲಿ ಬಟ್ಟೆ ಒಗೆಯುವ ಯಂತ್ರ, ಖಾಲಿ ಬಕೆಟ್ಟು, ದಾರದ ಮೇಲೆ ಅಕ್ಕ ಮೊನ್ನೆ ಒಗೆದು ಹಾಕಿದ್ದ ಎರಡು ಟವಲು. ಗುಬ್ಬಿ ಬಾಗಿಲು ಹಾಕಿಕೊಂಡಳು. ನಿಂತೇ ಹೇಳಿದಳು. ಸೂಜಿಯವಳಿಂದ ಹಿಡಿದು ಬಸ್ ಸ್ಟಾಪಿನವರೆಗೆ, ಏನನ್ನೂ ಮೆತ್ತಗೆ ಮಾಡದೆ. ಹೊರಗಡೆ ಯಾರೋ ಕುರ್ಚಿ ಎಳೆಯುವ ಸದ್ದು.

"ಅಜ್ಜಿಗೆ?" ಎಂದಳು ಮಗಳು ಕೊನೆಗೆ.

"ಏನೂ ಇರಲಿಲ್ಲ. ಸಾಯೋ ಹೊತ್ತಿಗೆ ನಮ್ಮಮ್ಮನ ಮುಖ ಸುಕ್ಕಿತ್ತು, ಅಷ್ಟೇ. ಗಂಟು ಗಿಂಟು ಏನೂ ಇಲ್ಲ."

"ಹಾಗಾದ್ರೆ ನಂಗೆ..."

"ನಿಂಗೆ ಬರಲ್ಲ. ಬರೋಕೆ ಸಾಧ್ಯಾನೇ ಇಲ್ಲ. ಯಾವ ಡಾಕ್ಟರನ್ನ ಬೇಕಾದ್ರೂ ಕೇಳು. ಹುಟ್ಟೋ ಮಗೂಗೂ ಇಲ್ಲ."

ಮಗಳು ಯಂತ್ರಕ್ಕೆ ಒರಗಿದಳು. ಅಳುತ್ತಾಳೆ, ಇಲ್ಲ ಅಪ್ಪಿಕೊಳ್ಳುತ್ತಾಳೆ, ಇಲ್ಲ ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡಿದ್ದಳು ಗುಬ್ಬಿ. ಮೂರೂ ಆಗಲಿಲ್ಲ.

"ಭಾನುವಾರ ನೀನು ನನ್ನ ಮುಖಕ್ಕೆ ಕ್ರೀಮು ತಿಕ್ತಿದ್ಯಲ್ಲ" ಎಂದಳು, ನಿಧಾನವಾಗಿ. "ಆಗ ನಾನು ಕಣ್ಣು ಮುಚ್ಕೊಂಡಿದೀನಿ ಅಂತ ನೀನು ತಿಳ್ಕೊಂಡಿದ್ದೆ. ಮುಚ್ತಿರಲಿಲ್ಲ. ರೆಪ್ಪೆ ಸಂದಿಯಿಂದ ನಿನ್ನ ಮುಖ ನೋಡ್ತಿದ್ದೆ. ನಿನ್ನ ಬೆರಳಿಗೆ ಏನಾದ್ರೂ ಸಿಕ್ಕಿದ್ರೆ ನಿನ್ನ ಮುಖದಲ್ಲಿ ಗೊತ್ತಾಗುತ್ತಲ್ಲ, ಅಂತ. ಉಸಿರು ಬಿಗಿಹಿಡ್ಕೊಂಡು. ಪ್ರತಿ ಭಾನುವಾರ, ಚಿಕ್ಕಮ್ಮ. ನಾನು ನಿನ್ನ ಹತ್ರ ಆರೈಕೆಗೆ ಬರ್ತಿದ್ದೆ ಅಂತ ಮಾಡಿದ್ಯಾ? ಪರೀಕ್ಷೆಗೆ ಬರ್ತಿದ್ದೆ."

ಗುಬ್ಬಿಗೆ ಗೋಡೆ ಬೇಕಾಯಿತು. ಹಿಡಿದುಕೊಂಡಳು. ಇಷ್ಟು ವರ್ಷ ಆ ಹಣೆ, ಆ ಕೆನ್ನೆ ತನ್ನ ಅಂಗೈಯ ಕೆಳಗೆ ಸಡಿಲವಾಗುತ್ತಿತ್ತೆಂದೇ ಅವಳು ನಂಬಿದ್ದಳು.

"ಅಮ್ಮ ನಿನ್ನನ್ನ ಕಾಪಾಡಿದ್ಲು, ಸರಿ. ನೀನು ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದೆ, ಸರಿ. ನಿಮ್ಮಿಬ್ಬರದೂ ಚೆನ್ನಾಗಿತ್ತು." ಅವಳ ದನಿ ಏರಲಿಲ್ಲ. "ನಾನು ಚಾಪೆ ಮೇಲೆ ಕೂತಿದ್ದೆ."

"ತಪ್ಪಾಯ್ತು ಮರಿ."

"ಯಜಮಾನರೂ ಹಾಗೇ ಅಂದ್ರು. ಅವರದು ಒಂದು ತಿಂಗಳು."

ಹೊರಗಿನಿಂದ ಬಾವನ ದನಿ ಕೇಳಿಸಿತು; ಗಾಡಿ ಬಂದಿದೆಯಂತೆ. ಮಗಳು ಬಾಗಿಲ ಚಿಲಕಕ್ಕೆ ಕೈ ಹಾಕಿ, ಹಾಗೇ ತಿರುಗಿದಳು.

"ನೀನೂ ಹಾಕಿಸ್ಕೊಂಡೆ ಅಂದ್ಯಲ್ಲ. ಎಲ್ಲಿ?"

ಗುಬ್ಬಿ ಅವಳ ತೋರುಬೆರಳು ಹಿಡಿದು ತನ್ನ ಮೂಗಿನ ಬಲಪಕ್ಕದ ಗೆರೆಯ ಮೇಲಿಟ್ಟು, ಒತ್ತಿಸಿದಳು. ಅಲ್ಲಿ, ಆಳದಲ್ಲಿ, ಹುಡುಕಿದರೆ ಮಾತ್ರ ಸಿಗುವ ಹಾಗೆ, ಸಾಸಿವೆ ಕಾಳಿನಷ್ಟು ಗಟ್ಟಿ. ಮೂರು ತಿಂಗಳ ಹಿಂದೆ ಜ್ವರ ಬಂದು ಬಿಟ್ಟ ಮೇಲೆ ಕೈಗೆ ಸಿಕ್ಕಿದ್ದು. ಅಕ್ಕನಿಗೂ ಹೇಳಿರಲಿಲ್ಲ.

ಮಗಳ ಬೆರಳು ಅದನ್ನು ಒಂದು ಸಲ ದಾಟಿ, ಹಿಂದೆ ಬಂದು, ನಿಂತಿತು. ಇಷ್ಟು ವರ್ಷ ಅವಳು ತನ್ನಲ್ಲಿ ಹುಡುಕಿದ್ದು ಈಗ ಬೆರಳಿಗೆ ಸಿಕ್ಕಿತ್ತು, ಬೇರೆಯವರ ಮುಖದಲ್ಲಿ.

"ಡಾಕ್ಟರಿಗೆ ತೋರಿಸಿದ್ಯಾ?"

"ಇಲ್ಲ."

"ತೋರಿಸು." ಬೆರಳು ತೆಗೆದಳು. "ಅಪ್ಪನಿಗೂ ನೀನೇ ಹೇಳು. ಇವತ್ತು ಬೇಡ. ಆದ್ರೆ ನೀನೇ ಹೇಳ್ಬೇಕು. ನಾನು ಹೇಳಲ್ಲ." ಚಿಲಕ ತೆಗೆದು ಹೋದಳು. ಹೋಗುವಾಗ ನಡುಮನೆಯಲ್ಲಿ, "ಮೇಲಿನ ಮನೆ ಆಂಟಿ, ಅದು ವಂಶದ್ದಲ್ಲ" ಎಂದದ್ದು ಗುಬ್ಬಿಗೆ ಕೇಳಿಸಿತು. ಎಂದೂ ಇಲ್ಲದ ಹಾಗೆ ಮೇಲಿನ ಮನೆಯಾಕೆಯ ಉತ್ತರ ಕೇಳಿಸಲಿಲ್ಲ.

*

ಹನ್ನೆರಡಕ್ಕೆ ಸರಿಯಾಗಿ ಹೊರಟರು. ಸ್ಮಶಾನ ಊರಾಚೆ, ಮುಕ್ಕಾಲು ಗಂಟೆಯ ದಾರಿ. ಅಲ್ಲಿ, ಮುಚ್ಚಳ ಹಾಕುವ ಮುಂಚೆ ಎಲ್ಲರೂ ಮತ್ತೊಮ್ಮೆ ಮುಖ ನೋಡಿದರು. ಬಿಸಿಲಿಗೆ ಪೌಡರ್ ಪೂರ್ತಿ ಜಾರಿ, ಎಡಗೆನ್ನೆ ಬದುಕಿದ್ದಾಗ ಹೇಗಿತ್ತೋ ಹಾಗೇ ಆಗಿತ್ತು. ಮಗಳು ಬಗ್ಗಿ ಆ ಕೆನ್ನೆಗೇ, ಗಂಟಿನ ಮೇಲೆಯೇ, ತುಟಿಯೊತ್ತಿದಳು. ಮಣ್ಣು ಹಾಕುವಾಗ ಗುಬ್ಬಿಯ ಸರದಿ ಬಂದಾಗ ಮೊಣಕಾಲು ಬಗ್ಗಲಿಲ್ಲ. ಬಾವ ತಾವೇ ಒಂದು ಹಿಡಿ ತೆಗೆದು ಅವಳ ಕೈಗೆ ಕೊಟ್ಟರು. ಆ ಕೈಯನ್ನು ನೋಡಿ ಗುಬ್ಬಿ, ವಾರದೊಳಗೆ ಹೇಳಬೇಕು ಎಂದುಕೊಂಡಳು. ಹೇಳಿದ ಮೇಲೆ ಈ ಕೈ ಮತ್ತೆ ಏನೂ ಕೊಡದೆ ಇರಬಹುದು.

ವಾಪಸು ಬರುವಾಗ ಬಾಡಿಗೆ ವ್ಯಾನಿನಲ್ಲಿ ಎಲ್ಲರೂ ಸುಸ್ತಾಗಿದ್ದರು. ಬಾವ ಅಭ್ಯಾಸ ಬಲದಿಂದ ಡ್ರೈವರಿನ ಪಕ್ಕ ಕೂತು ರಸ್ತೆ ನೋಡುತ್ತಿದ್ದರು. ಯಾವಾಗಲೂ ಚಿಕ್ಕಮ್ಮನ ಪಕ್ಕ ಜಾಗ ಹಿಡಿಯುವ ಮಗಳು ಈವತ್ತು ಮುಂದಿನ ಸಾಲಿನ ಕಿಟಕಿಗೆ ಹೋಗಿ ಕೂತಳು. ಗುಬ್ಬಿಯ ಪಕ್ಕದ ಸೀಟಿನಲ್ಲಿ ಹೂವಿನ ಖಾಲಿ ಬುಟ್ಟಿ ಇತ್ತು.

ಊರ ಹೊರಗಿನ ರಸ್ತೆ ಪೂರ್ತಿ ಗುಂಡಿ. ಮೊದಲ 'ದಡಕ್'ಗೆ ಎಲ್ಲರೂ ಸೀಟಿನ ಕಂಬಿ ಹಿಡಿದುಕೊಂಡರು. ಗುಬ್ಬಿ ಮುಂದೆ ನೋಡಿದಳು. ಮಗಳು ನಿದ್ದೆ ಹೋಗಿದ್ದಳು.

ಅಳಿಯ ಅವಳ ತಲೆ ಸರಿಸಿ ತನ್ನ ಹೆಗಲಿಗೆ ಹಾಕಿಕೊಳ್ಳಲು ಕೈ ಚಾಚಿದ. ಗುಬ್ಬಿ ತಡೆಯಲಾರದೆ ಪಿಸುಗುಟ್ಟಿದಳು: "ಬೇಡಪ್ಪ, ಇರಲಿ ಬಿಡು." ಅವನು ಹಿಂದಿರುಗಿ ನೋಡಿ, ಅರ್ಥವಾಗದೆ ಕೈ ತೆಗೆದ.

ದಿನಾ ಬೆಳಿಗ್ಗೆ ಬೆರಳಿಟ್ಟು ಕಾಯುತ್ತಿದ್ದ ಆ ಮುಖವನ್ನು ಕಿಟಕಿಯ ಗಾಜಿಗೆ ಪೂರ್ತಿ ಒಪ್ಪಿಸಿ ಮಲಗಿದ್ದಳು ಅವಳು. ಒತ್ತಿದ ಕೆನ್ನೆ ಅಗಲವಾಗಿ ಚಪ್ಪಟೆಯಾಗಿ, ತುಟಿ ಒಂದು ಕಡೆಗೆ ಸೊಟ್ಟಗಾಗಿ, ಮೂಗು ಅರ್ಧ ಮುಚ್ಚಿಹೋಗಿತ್ತು. ವ್ಯಾನು ಗುಂಡಿಗೆ ಬಿದ್ದಾಗಲೆಲ್ಲ ಕೆನ್ನೆ ಗಾಜಿನ ಮೇಲೆ ಜಾರುತ್ತಿತ್ತು, ಬಡಿಯುತ್ತಿತ್ತು, ಮತ್ತೆ ಅಲ್ಲೇ ಅಂಟಿಕೊಳ್ಳುತ್ತಿತ್ತು. ಅವಳಿಗೆ ಎಚ್ಚರವಿರಲಿಲ್ಲ. ತೆರೆದ ಬಾಯಿಯ ಹತ್ತಿರ ಗಾಜಿನ ಮೇಲೆ ಉಸಿರಿನ ಮಬ್ಬು ದೊಡ್ಡದಾಗುತ್ತ, ಚಿಕ್ಕದಾಗುತ್ತ, ಮತ್ತೆ ದೊಡ್ಡದಾಗುತ್ತ ಇತ್ತು.